ಮುಯ್ಯಾಳಿನವರು ಥೀಮ್ ಪಾರ್ಕಿಗೆ ಹೋದದ್ದು

ಆ ರೆಸಾರ್ಟಿಗೆ ಹೋಗಿಬಂದ ಮೇಲೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಕೊನೆಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಾಗಲೂ ನನಗೆ ಒಂದೇ ಪ್ರಶ್ನೆ. ‘ಹೆಂಗಿದೆ? ಹೋಗಬಹುದಾ?’ ನಾನು ಪಿರಿಯಾಪಟ್ಟಣದಲ್ಲಿ ಕನ್ನಡ ಪಾಠ ಮಾಡುವವಳು. ಒಂದು ಪದ್ಯ ಚೆನ್ನಾಗಿದೆಯಾ ಎಂದು ಹುಡುಗರು ಕೇಳಿದರೆ ಪೀರಿಯಡ್ ಪೂರ್ತಿ ಮಾತಾಡಿ ಗಂಟೆ ಹೊಡೆಸುವ ಪೈಕಿ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನನ್ನಿಂದ ಆಗುವುದಿಲ್ಲ. ಕೇಳಿದವರು ಬಸ್ಸು ಬಂತೆಂದು ಓಡಿಹೋಗುವವರೆಗೂ ಹೇಳುತ್ತಲೇ ಇರುತ್ತೇನೆ.

ರೆಸಾರ್ಟಿನ ಹೆಸರು ಬರೆಯುವುದಿಲ್ಲ. ಮೈಸೂರಿನಾಚೆ ದೊಡ್ಡ ರಸ್ತೆಯ ಮಗ್ಗುಲಲ್ಲಿದೆ ಎಂದರೆ ಸಾಕು. ಒಂದು ಕಡೆ ಥೀಮ್ ಪಾರ್ಕು: ತಲೆಕೆಳಗು ಮಾಡಿ ತಿರುಗಿಸುವ ಯಂತ್ರಗಳು, ನೀರಿನ ಜಾರುಬಂಡೆಗಳು, ಸೈರನ್ ಹೊಡೆದು ಅಲೆ ಎಬ್ಬಿಸುವ ಒಂದು ಕೊಳ. ಇನ್ನೊಂದು ಕಡೆ ತಂಗುವ ರೂಮುಗಳು, ಹುಲ್ಲುಹಾಸು, ಈಜುಕೊಳ. ಜಾಗ ಎಷ್ಟು ವಿಶಾಲವೆಂದರೆ ಒಳಗೇ ಬ್ಯಾಟರಿ ಗಾಡಿಗಳು ಓಡಾಡುತ್ತವೆ.

ಕೆಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ದುಬಾರಿ, ಅದು ಎಲ್ಲರಿಗೂ ಗೊತ್ತು. ನೆರಳು ಕಡಿಮೆ. ಪ್ರತಿ ಕಂಬಕ್ಕೂ ಒಂದು ಸ್ಪೀಕರು, ಅದರಲ್ಲಿ ನಿಲ್ಲದ ಹಾಡು. ಪಕ್ಕದಲ್ಲಿರುವವರಿಗೆ ಬಾಯಾರಿಕೆ ಆಗುತ್ತಿದೆ ಎಂದು ಹೇಳಬೇಕಾದರೂ ಕಿರುಚಬೇಕು. ಬೆಟ್ಟದಪುರದ ಬೆಟ್ಟವನ್ನು ಬೆಳಗಾದರೆ ನೋಡುವ ನಮಗೆ ಸಿಮೆಂಟು ಬಳಿದ ಬಂಡೆಗಳನ್ನು ತೋರಿಸಿ ‘ಸಾಹಸ ಲೋಕ’ ಎಂದು ಬೋರ್ಡು ಹಾಕಿದ್ದಾರೆ. ಒಳ್ಳೆಯದು ಕೇಳಿದರೆ ನಮ್ಮ ಗುಂಪಿನ ಹೆಂಗಸರೆಲ್ಲ ಒಂದೇ ಬಾಯಲ್ಲಿ ಹೇಳುವುದು ಶೌಚಾಲಯದ ವಿಷಯ. ಇಡೀ ದಿನದಲ್ಲಿ ಎಲ್ಲಿ ಹೋದರೂ ಒಣಗಿದ ನೆಲ, ನಲ್ಲಿಯಲ್ಲಿ ನೀರು, ಸರಿಯಾಗಿ ಬೀಳುವ ಚಿಲಕ. ಊರು ಬಿಟ್ಟು ಹೊರಟರೆ ಮನೆ ಸೇರುವ ತನಕ ನೀರು ಕುಡಿಯದೆ ಹೆದರಿಕೊಂಡಿರುವ ಹೆಂಗಸರಿಗೆ ಇದು ಸಣ್ಣ ಮಾತಲ್ಲ. ಗಂಡಸರು ಇದನ್ನು ಕೇಳಿ ನಗುತ್ತಾರೆ. ನಗಲಿ.

ಆದರೆ ನಾವು ಅಲ್ಲಿಗೆ ಹೋದದ್ದು ಯಂತ್ರಕ್ಕೂ ಅಲ್ಲ, ಅಲೆಗೂ ಅಲ್ಲ. ನಮ್ಮತ್ತೆ ಒಂದು ಸಲ ಈಜಬೇಕಿತ್ತು, ಅದಕ್ಕೆ.

ನಮ್ಮದು ಬೆಟ್ಟದಪುರದ ಹತ್ತಿರದ ಒಂದು ಹಳ್ಳಿ. ಮಳೆ ನಂಬಿದ ಹೊಲ, ಹೊಗೆಸೊಪ್ಪಿನ ಬೆಳೆ. ಆ ವರ್ಷ ಸೊಪ್ಪು ಬೇಯಿಸುವ ಕೆಲಸ ಮುಗಿದು, ಬ್ಯಾರನ್ ಎನ್ನುವ ಒಣಗೂಡಿನ ಕೊನೆಯ ಬೆಂಕಿ ಆರಿಸಿ, ಮನೆಯವರೆಲ್ಲ ನಿದ್ದೆಯ ಬಾಕಿ ತೀರಿಸಿಕೊಳ್ಳುತ್ತಿದ್ದ ಕಾಲ. ಅತ್ತೆಯ ಎರಡೂ ಮಂಡಿ ಸವೆದುಹೋಗಿದ್ದವು. ದೀಪಾವಳಿ ಕಳೆದ ಮೇಲೆ ಮೈಸೂರಿನಲ್ಲಿ ಆಪರೇಷನ್ ಎಂದು ಗೊತ್ತಾಗಿತ್ತು. ಒಂದು ಮಧ್ಯಾಹ್ನ ಜಗಲಿಯಲ್ಲಿ ನಾವಿಬ್ಬರೇ ಕೂತು ಮುಸುಕಿನ ಜೋಳ ಬಿಡಿಸುತ್ತಿದ್ದೆವು. ಅತ್ತೆ ತೆನೆಯಿಂದ ಕಣ್ಣೆತ್ತದೆ ಹೇಳಿದರು:

‘ಮಗ, ಮಂಡಿ ಕುಯ್ಯದ್ರೊಳಗೆ ಒಂದ್ಸಲ ಈಜ್ಬೇಕು ಕಣ.’

ಅವರಿಗೆ ಈಜು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ, ಅವರ ಹೊಟ್ಟೆಯಲ್ಲಿ ಹುಟ್ಟಿದವನಿಗೆ. ನಮ್ಮತ್ತೆ ಗತ್ತಿನ ಹೆಂಗಸು. ಸೆರಗು ಒಂದು ಬೆರಳಷ್ಟು ಆಚೀಚೆ ಆಗುವುದಿಲ್ಲ. ತಲೆಗೂದಲು ಬಿಟ್ಟುಕೊಂಡು ಬಚ್ಚಲಿನಿಂದ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಅಂಥವರು ನೀರಿಗೆ ಬಿದ್ದು ಕೈಕಾಲು ಬಡಿಯುವುದನ್ನು ನೆನೆಸಿಕೊಳ್ಳಲೂ ನನಗೆ ಆಗಲಿಲ್ಲ.

ಅವರ ತವರು ಚುಂಚನಕಟ್ಟೆಯ ಕಡೆ, ಕಾವೇರಿ ನೀರಿನ ಭತ್ತದ ಸೀಮೆ. ಮನೆಯ ಹಿಂದೆಯೇ ನಾಲೆ. ಅಣ್ಣಂದಿರ ಜೊತೆ ಬಿದ್ದು ಎದ್ದು, ಲಂಗದ ತುದಿ ಸೊಂಟಕ್ಕೆ ಸಿಕ್ಕಿಸಿ, ಯಾರೂ ಕಲಿಸದೆ ಈಜು ಕಲಿತರಂತೆ. ಮದುವೆಯಾಗಿ ನಮ್ಮೂರಿಗೆ ಬಂದ ವರ್ಷ ತವರಿಗೆ ಹೋಗಿದ್ದಾಗ ಸೆಕೆ ತಡೆಯಲಾರದೆ ನಾಲೆಗೆ ಹಾರಿದ್ದಾರೆ. ಗಂಡನ ಕಡೆಯ ನೆಂಟರೊಬ್ಬರು ಏರಿಯ ಮೇಲೆ ಹೋಗುತ್ತಿದ್ದವರು ನೋಡಿದರು. ಅತ್ತೆ ವಾಪಸ್ಸು ಬರುವ ಮೊದಲೇ ಸುದ್ದಿ ಊರಿಗೆ ಬಂದಿತ್ತು.

ಯಾರೂ ಬೈಯಲಿಲ್ಲವಂತೆ. ಬರೀ ನಕ್ಕರಂತೆ. ‘ನಮ್ಮನೆ ಸೊಸೆ ಎಮ್ಮೆಗಳ ಜೊತೆ ನೀರಲ್ಲಿದ್ಲಂತೆ ಕಣ್ರಪ್ಪ’ ಎಂದು ಯಾರೋ ಹೇಳಿದ್ದು, ಆಮೇಲೆ ಹಬ್ಬ ಹರಿದಿನಕ್ಕೆ ನೆಂಟರು ಸೇರಿದಾಗಲೆಲ್ಲ ಆ ಮಾತು ಒಂದು ಸಲ ಎದ್ದು ಎಲ್ಲರನ್ನೂ ನಗಿಸುತ್ತಿತ್ತಂತೆ. ನನ್ನ ಗಂಡನಿಗೆ ಬುದ್ಧಿ ಬರುವಷ್ಟರಲ್ಲಿ ಆ ಮಾತು ಹಳತಾಗಿ ನಿಂತಿತ್ತು, ಹೇಳಿದವರೆಲ್ಲ ಈಗ ಸತ್ತುಹೋಗಿದ್ದಾರೆ. ‘ಬೈದಿದ್ರೆ ತಿರುಗಿ ಬೈತಿದ್ದೆ. ನಕ್ಕುಬುಟ್ರು’ ಎಂದರು ಅತ್ತೆ. ಆ ದಿನದಿಂದ ಅವರು ನೀರಿಗೆ ಇಳಿದಿಲ್ಲ. ಐವತ್ತು ವರ್ಷವಾಗುತ್ತ ಬಂತು.

ಆಪರೇಷನ್ ಆದ ಮೇಲೆ ಮಂಡಿ ಹೇಗಿರುತ್ತದೋ, ನೀರಿಗೆ ಬಿಡುತ್ತಾರೋ ಇಲ್ಲವೋ ಎಂಬುದು ಅವರ ಭಯ. ಡಾಕ್ಟರನ್ನು ಕೇಳೋಣ ಎಂದೆ. ‘ಎಪ್ಪತ್ರ ಮುದುಕಿ ಈಜ್ಬೋದಾ ಅಂತ ಕೇಳ್ತೀಯ? ನಗಾಡ್ತರೆ, ಸುಮ್ಕಿರು’ ಎಂದರು. ಆ ನಗುವಿನ ಹೆದರಿಕೆ ಅಷ್ಟು ವರ್ಷವಾದರೂ ಹಾಗೇ ಇತ್ತು.

ನನ್ನ ಗಂಡನ ಜೊತೆ ಸೇರಿ ಎಲ್ಲಿ ಈಜಿಸುವುದು ಎಂದು ತೂಗಿ ನೋಡಿದೆ. ಚುಂಚನಕಟ್ಟೆಯ ನಾಲೆ ಎಂದರೆ ಮೆಟ್ಟಿಲಿನ ಮೇಲೆ ಪಾಚಿ, ನೀರಿನ ಸೆಳೆತ, ಈ ಮಂಡಿಯಲ್ಲಿ ಇಳಿಸುವುದು ಹೇಗೆ? ಮೇಲಾಗಿ ಅಲ್ಲಿ ಅಣ್ಣತಮ್ಮಂದಿರ ಮಕ್ಕಳು ಮೊಮ್ಮಕ್ಕಳು. ನಮ್ಮೂರ ಕೆರೆ ಹೂಳು. ಹೆಗ್ಗಡದೇವನಕೋಟೆಯ ಕಡೆ ಹಿನ್ನೀರಿನ ದಡದಲ್ಲಿ ರೆಸಾರ್ಟುಗಳಿವೆ, ಆದರೆ ಅವು ಹುಲಿ ನೋಡಲು ಬರುವವರಿಗೆ. ಹಿನ್ನೀರಿಗೆ ಇಳಿಯೋಣವೆಂದರೆ ಮೊಸಳೆ. ಕೊನೆಗೆ ಥೀಮ್ ಪಾರ್ಕಿನ ಮಾತು ತೆಗೆದದ್ದು ನನ್ನ ಗಂಡ. ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಒಂದು ಪ್ಯಾಕೇಜ್ ಇದೆ, ಪಾರ್ಕು, ಊಟ, ಮಧ್ಯಾಹ್ನದ ಮೇಲೆ ರೆಸಾರ್ಟಿನ ಈಜುಕೊಳ ಎಲ್ಲ ಸೇರಿ. ನೀರು ಶುದ್ಧ, ಇಳಿಯಲು ಹಿಡಿಕೆ ಇರುವ ಏಣಿ, ಕಾಯಲು ಜನ. ನಾನು ಬಿಸಿಲು, ದುಡ್ಡು, ನಡಿಗೆ ಎಂದು ಒಂದೊಂದೇ ಅಡ್ಡಿ ಹೇಳುತ್ತ ಹೋದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

‘ಅಲ್ಲಿ ನಮ್ಮೋರು ಯಾರೂ ಇರಾಕಿಲ್ವ?’

‘ಒಂದು ನರಪಿಳ್ಳೆನೂ ಇರಲ್ಲ ಕಣವ್ವ’ ಎಂದ ಮಗ.

‘ಅಂಗಾದ್ರೆ ಅಲ್ಲಿಗೇ ಓಗವ.’

ಆಯಿತು ಎಂದು ವ್ಯಾನಿಗೆ ಹೇಳಿದ. ಕೆಟ್ಟದ್ದೇ ಅಲ್ಲಿ. ನಮ್ಮೂರಿನಲ್ಲಿ ವ್ಯಾನಿರುವುದು ಎದುರು ಮನೆಯ ಚಿಕ್ಕತ್ತೆಯ ಮಗನ ಹತ್ತಿರ. ಚಿಕ್ಕತ್ತೆ ಎಂದರೆ ಒಡಹುಟ್ಟಿನ ನೆಂಟಸ್ತಿಕೆಯೇನಲ್ಲ, ಬಾಯಿತುಂಬ ಕರೆದು ಆದ ಚಿಕ್ಕತ್ತೆ. ಅತ್ತೆಗಿಂತ ಹತ್ತು ವರ್ಷ ಚಿಕ್ಕವಳು, ದನಿ ಮಾತ್ರ ಊರಿಗೇ ದೊಡ್ಡದು. ನಮ್ಮ ಮುಯ್ಯಾಳಿನ ಗುಂಪಿಗೆ ಅತ್ತೆ ಯಜಮಾನಿಯಾದರೆ ಚಿಕ್ಕತ್ತೆ ಅದರ ಬಾಯಿ.

ಮುಯ್ಯಾಳು ಗೊತ್ತಿಲ್ಲದವರಿಗೆ ಎರಡು ಮಾತು. ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು. ಕೂಲಿಯಿಲ್ಲ, ಕೆಲಸಕ್ಕೆ ಕೆಲಸವೇ ಮುಯ್ಯಿ. ಸೊಪ್ಪಿನ ಕಾಲದಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಮನೆಯಿಂದ ಮನೆಗೆ ಹೀಗೆ ತಿರುಗುತ್ತ, ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟುತ್ತಾರೆ. ರಜೆಯಲ್ಲಿ ನಾನೂ ಕೂರುತ್ತೇನೆ. ಗುಂಪಿನಲ್ಲೆಲ್ಲ ನಿಧಾನ ನನ್ನ ಕೈ. ‘ನಮ್ ಮೇಡಮ್ಮು ಕಟ್ಟೋದ್ರೊಳಗೆ ಸೊಪ್ಪು ಅಲ್ಲೇ ಒಣಗೋಯ್ತದೆ, ಬೆಂಕಿನೇ ಬ್ಯಾಡ’ ಎಂದು ಚಿಕ್ಕತ್ತೆ ಹೇಳದ ದಿನವಿಲ್ಲ. ಒಬ್ಬರ ಕೈ ಹಿಂದೆ ಬಿದ್ದರೆ ಪಕ್ಕದವರು ಮಾತಾಡದೆ ಅವರ ರಾಶಿಯಿಂದಲೂ ಎಳೆದುಕೊಂಡು ಕಟ್ಟುತ್ತಾರೆ. ನನ್ನ ರಾಶಿ ಯಾವತ್ತೂ ಹಾಗೇ ಕರಗಿರುವುದು.

ಅಂಥ ಗುಂಪು. ಅದರಲ್ಲಿ ಒಂದು ಮನೆಯವರು ಥೀಮ್ ಪಾರ್ಕಿಗೆ ಹೋಗುತ್ತಾರೆಂದು ಗೊತ್ತಾದ ಮೇಲೆ ಮಿಕ್ಕವರು ಸುಮ್ಮನಿರುತ್ತಾರೆಯೇ? ಸಂಜೆಗೆ ಚಿಕ್ಕತ್ತೆ ನಮ್ಮ ಜಗಲಿಗೆ ಬಂದು ಕೂತಳು. ಸೊಪ್ಪಿನ ಕೆಲಸ ಮುಗಿದಾಗ ಎಲ್ಲರೂ ಸೇರಿ ಮಾಡುವ ಬಾಡೂಟ ಈ ಸಲ ಬೇಡ, ಆ ದುಡ್ಡನ್ನೂ ಹಾಕಿ ಎಲ್ಲರೂ ಪಾರ್ಕಿಗೇ ಹೋಗೋಣ ಎಂದು ಬೀದಿಯಲ್ಲಿ ಆಗಲೇ ತೀರ್ಮಾನವಾಗಿತ್ತು. ‘ನೀನೊಬ್ಳೇ ಓಗಿ ಏನ್ ಮಾಡ್ತೀಯಕ್ಕ? ಬೇಜಾರಾಯ್ತದೆ ನಿಂಗೆ. ನಾವೂ ಬತ್ತೀವಿ!’

ಅತ್ತೆ ನನ್ನ ಮುಖ ನೋಡಿದರು. ಆ ನೋಟ ನೆನೆದರೆ ಈಗಲೂ ಅಯ್ಯೋ ಅನ್ನಿಸುತ್ತದೆ. ಯಾರೂ ಗೊತ್ತಿಲ್ಲದ ಊರು ಹುಡುಕಿಕೊಂಡು ಹೊರಟವರ ಹಿಂದೆ ಇಡೀ ಬೀದಿಯೇ ಹೊರಟಿತ್ತು. ‘ಬರ್ಲಿ ಬುಡು, ನಮ್ಮೋರೇ ಅಲ್ವ’ ಎಂದರು ಆಮೇಲೆ, ಒಳಗೆ ಬಂದು. ‘ನೀರ್ ನೋಡ್ಕಂಡಾದ್ರೂ ಬರವ.’

ಹೆಂಗಸರದೇ ಗುಂಪಾಯಿತೆಂದು ನನ್ನ ಗಂಡ ಮನೆಯಲ್ಲೇ ಉಳಿದ, ವ್ಯಾನು ಓಡಿಸುವವನು ಪಾರ್ಕಿನ ಹೊರಗೇ ಕಾಯುವುದೆಂದಾಯಿತು. ಹೊರಟ ದಿನ ಕಂಪಲಾಪುರ ದಾಟುವ ಹೊತ್ತಿಗೆ ವ್ಯಾನಿನಲ್ಲಿ ಸೋಬಾನೆ ಶುರುವಾಗಿತ್ತು, ಹುಣಸೂರಿಗೆ ಬರುವ ಹೊತ್ತಿಗೆ ಗಂಟಲು ಕಟ್ಟಿತ್ತು. ಪಾರ್ಕಿನ ಗೇಟಿನಲ್ಲಿ ಮೊದಲ ಜಗಳ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ನಮ್ಮ ಹತ್ತಿರವಿದ್ದದ್ದು ತಿಂಡಿಯೇ? ರೊಟ್ಟಿಯ ಗಂಟು, ಹುಚ್ಚೆಳ್ಳು ಚಟ್ನಿ, ಡಬರಿಯ ತುಂಬ ಚಿತ್ರಾನ್ನ, ಒಂದು ಬುಟ್ಟಿ ಸೀಬೆಹಣ್ಣು. ಸೆಕ್ಯುರಿಟಿಯವನು ಲಾಕರಿನಲ್ಲಿ ಇಡಿ ಎಂದ. ಅನ್ನವನ್ನು ಬೀಗ ಹಾಕಿ ಇಡುವ ಮಾತು ಚಿಕ್ಕತ್ತೆಗೆ ಹಿಡಿಸಲಿಲ್ಲ. ಗೇಟಿನ ಪಕ್ಕದ ಮರದ ಕೆಳಗೆ ಟವೆಲ್ ಹಾಸಿ ಎಲ್ಲರನ್ನೂ ಕೂರಿಸಿದಳು. ದಿನಪೂರ್ತಿಗೆ ಕಟ್ಟಿದ್ದ ಬುತ್ತಿಯನ್ನು ಬೆಳಿಗ್ಗೆಯೇ ಉಂಡು ಮುಗಿಸಿದೆವು. ಸೆಕ್ಯುರಿಟಿಯವನಿಗೂ ಎರಡು ರೊಟ್ಟಿ ಹೋಯಿತು. ಅವನು ಆಚೀಚೆ ನೋಡಿ ಟೋಪಿ ತೆಗೆದಿಟ್ಟು ತಿಂದ.

ಗೇಟಿನ ಒಳಗೆ ನಡೆಯಲಾರದವರಿಗೆಂದು ಗಾಲಿಕುರ್ಚಿಗಳಿದ್ದವು, ಇದು ಒಳ್ಳೆಯದರ ಪಟ್ಟಿಗೆ. ಅತ್ತೆ ಅದನ್ನು ಕಣ್ಣೆತ್ತಿ ನೋಡಲಿಲ್ಲ. ಬ್ಯಾಟರಿ ಗಾಡಿಯಾದರೆ ಸರಿ, ಅದರಲ್ಲಿ ಎಲ್ಲರೂ ಕೂರುತ್ತಾರೆ. ಮುಂದಿನದು ಬಟ್ಟೆಯ ಕೌಂಟರು. ಸೀರೆಯುಟ್ಟು ನೀರಿಗಿಳಿಯುವಂತಿಲ್ಲ, ಅವರು ಕೊಡುವ ನೈಲಾನಿನ ಉದ್ದ ತೋಳಿನ ಅಂಗಿ, ಕಾಲು ಪೂರ್ತಿ ಮುಚ್ಚುವ ಪ್ಯಾಂಟು ಹಾಕಬೇಕು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ನೆಲಕ್ಕೆ ಕೂತೆವು. ಇಷ್ಟು ವರ್ಷ ಸೀರೆಯಲ್ಲೇ ಕಂಡ ಚಿಕ್ಕತ್ತೆ ಹಸಿರು ಪ್ಯಾಂಟಿನಲ್ಲಿ ಸೊಂಟದ ಮೇಲೆ ಕೈಯಿಟ್ಟು, ‘ಪೊಲೀಸ್ ಕೆಲ್ಸಕ್ ಸೇರ್ಸ್ಕತಾರಾ ನನ್ನ?’ ಎಂದಳು. ಅತ್ತೆಯೂ ಒಂದು ಜೊತೆ ತೆಗೆದುಕೊಂಡಿದ್ದರು. ಒಂದು ಮೂಲೆಯ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಗೆ ಬಂದಾಗ ಎಂದಿನ ಹಾಗೆ ಸೀರೆಯಲ್ಲೇ ಇದ್ದರು. ರವಿಕೆಯ ತೋಳಿನ ಕೆಳಗೆ, ಮೇಲಕ್ಕೆ ಮಡಚಿಟ್ಟ ನೀಲಿ ನೈಲಾನಿನ ಅಂಚು ಇಣುಕುತ್ತಿದ್ದದ್ದು ನನಗೊಬ್ಬಳಿಗೇ ಕಂಡಿತು. ಆಸೆಯನ್ನು ಒಳಗೆ ತೊಟ್ಟು ಮೇಲೆ ಸೀರೆ ಸುತ್ತಿದ್ದರು.

‘ಅಕ್ಕ, ನೀನು?’ ಎಂದಳು ಚಿಕ್ಕತ್ತೆ.

‘ಚೀಲ ಯಾರು ನೋಡ್ಕಳದು? ನೀವ್ ಓಗಿ.’

ಹೀಗೆ ಅತ್ತೆ ಚೀಲ ಕಾಯುವ ಕೆಲಸಕ್ಕೆ ಕೂತರು. ಒಂದು ಕೊಳದಿಂದ ಇನ್ನೊಂದಕ್ಕೆ ನಾವು ಹೋದಂತೆ ಅವರೂ ಬೆಂಚು ಬದಲಾಯಿಸುತ್ತ, ಆ ಬಿಸಿಲಿನಲ್ಲಿ ಎರಡು ಪದರದ ಬಟ್ಟೆಯೊಳಗೆ ಬೇಯುತ್ತ, ಮುಖ ಮಾತ್ರ ಗಂಭೀರ. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. ‘ಇಳೀರಿ ಅತ್ತೆ, ಯಾರೂ ಏನೂ ಅನ್ನಲ್ಲ’ ಎಂದು ಕಿವಿಯಲ್ಲಿ ಹೇಳಿದೆ. ‘ಅನ್ನಾಕಿಲ್ಲ. ನಗ್ತಾರೆ’ ಎಂದರು.

ಆಮೇಲೆ ಸಾಲಿನ ಪ್ರಸಂಗ. ಅದನ್ನು ಹೇಳದೆ ಮುಂದೆ ಹೋಗಲಾರೆ. ದೊಡ್ಡ ಜಾರುಬಂಡೆಗೆ ಉದ್ದ ಸಾಲಿತ್ತು, ತಲೆಯ ಮೇಲೆ ಸುಡುಬಿಸಿಲು. ಚಿಕ್ಕತ್ತೆ ಒಂದು ಗಳಿಗೆ ನೋಡಿ ನಮ್ಮ ಪದ್ಧತಿಯಲ್ಲೇ ಅದನ್ನು ಬಗೆಹರಿಸಿದಳು. ‘ಎಲ್ರೂ ಯಾಕ್ ಸುಟ್ಕಬೇಕು? ಇಬ್ರು ನಿಂತ್ಕಳಿ, ಮಿಕ್ಕೋರು ನೆರಳಲ್ಲಿ ಕುಂತ್ಕಳವ. ವಸಿ ಹೊತ್ತಾದ್ಮೇಲೆ ಬದ್ಲಾಯ್ಸವ.’ ಯಾರಿಗೂ ಅದು ತಪ್ಪೆನ್ನಿಸಲಿಲ್ಲ, ಪಾಠ ಹೇಳುವ ನನಗೂ ಅನ್ನಿಸಲಿಲ್ಲ. ಇಬ್ಬಿಬ್ಬರಂತೆ ಸರದಿಯಲ್ಲಿ ನಿಂತೆವು. ಸಾಲಿನ ತುದಿ ಬಂದಾಗ ನೆರಳಿನಲ್ಲಿದ್ದವರೆಲ್ಲ ಎದ್ದು ಬಂದು ಸೇರಿಕೊಂಡೆವು. ಹಿಂದಿದ್ದ ಜನ ಬೊಬ್ಬೆ ಹಾಕಿದರು.

‘ಏನ್ರೀ ಇದು? ಅಷ್ಟೊತ್ತಿಂದ ನಾವು ನಿಂತಿಲ್ವಾ?’ ಎಂದ ಒಬ್ಬ ಕನ್ನಡಕದ ಗಂಡಸು.

‘ನಾವೂ ನಿಂತಿದೀವಲ್ಲ ಸ್ವಾಮಿ’ ಎಂದಳು ಚಿಕ್ಕತ್ತೆ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ‘ಇವ್ರು ನಮ್ಮೋರೇಯ. ಇವ್ರು ನಿಂತ್ರೆ ನಾವ್ ನಿಂತಂಗಲ್ವ?’

‘ಇಬ್ರು ನಿಂತು ಇಷ್ಟು ಜನ ನುಗ್ಗೋದಾ?’

ಚಿಕ್ಕತ್ತೆ ಆತನ ಹಿಂದೆ ನಿಂತಿದ್ದ ಹೆಂಡತಿ ಮಕ್ಕಳನ್ನು ನೋಡಿದಳು. ಮುಖಗಳು ಬಿಸಿಲಿಗೆ ಕೆಂಪಾಗಿದ್ದವು. ‘ಅಯ್ಯೋ ಪಾಪ, ಮಕ್ಳುನ್ನೂ ನಿಲ್ಸ್ಕಂಡಿದೀರಲ್ಲ. ಅವ್ರುನ್ನ ನೆರಳಿಗ್ ಕಳ್ಸಿ. ನಮ್ಮೋರಿಬ್ರು ನಿಮ್ ಪರವಾಗೂ ನಿಂತ್ಕತಾರೆ, ಅದಕ್ಕೇನಂತೆ!’ ಸಾಲಿಗೆ ಸಾಲನ್ನೇ ಮುಯ್ಯಾಳಿಗೆ ಸೇರಿಸಲು ಹೊರಟಿದ್ದಳು. ಆತ ನಕ್ಕುಬಿಟ್ಟ. ಆದರೂ ಜಾರುಬಂಡೆಯ ಕಾವಲಿನವನು ನಮ್ಮನ್ನೆಲ್ಲ ಸಾಲಿನ ಬಾಲಕ್ಕೆ ಅಟ್ಟಿದ. ಸರಿಯೇ, ನಿಯಮ ನಿಯಮವೇ. ಆದರೆ ಈ ಕೆಟ್ಟದ್ದನ್ನು ನಾನು ಯಾವ ಲೆಕ್ಕಕ್ಕೆ ಸೇರಿಸಲಿ ಎಂದು ಇವತ್ತಿಗೂ ತಿಳಿಯದು. ಇಷ್ಟು ಜನ ಒಟ್ಟಿಗೆ ಬಂದು, ಒಬ್ಬೊಬ್ಬರೂ ತಮ್ಮ ಪಾಲಿನ ಬಿಸಿಲನ್ನು ತಾವೇ ತಡೆದುಕೊಳ್ಳಬೇಕಾದ ಜಾಗ ಅದು.

ಊಟದ ವಿಷಯ ಬರೆಯುವುದಿಲ್ಲ. ಬಗೆಬಗೆ ಇತ್ತು, ಖಾರ ಇರಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ರೆಸಾರ್ಟಿನ ಈಜುಕೊಳಕ್ಕೆ ಹೋದೆವು. ಅಲ್ಲಿ ಗದ್ದಲವಿರಲಿಲ್ಲ. ಸ್ಪೀಕರಿನ ಹಾಡು ದೂರದಲ್ಲೆಲ್ಲೋ ಕೇಳುತ್ತಿತ್ತು. ನೀಲಿ ಹಂಚಿನ ಕೊಳ, ಒಂದು ತುದಿ ಸೊಂಟದುದ್ದ, ಇನ್ನೊಂದು ತುದಿ ಆಳುದ್ದ. ರೂಮಿನ ಗಿರಾಕಿಗಳು ಯಾರೂ ಇರಲಿಲ್ಲ. ನಮ್ಮ ಗುಂಪು, ಕೊರಳಲ್ಲಿ ಸೀಟಿ ಹಾಕಿಕೊಂಡ ಕಾವಲಿನ ಹೆಂಗಸು, ಅಷ್ಟೇ. ಅತ್ತೆ ಆಳದ ತುದಿಯಲ್ಲಿ ಒಂದು ಕುರ್ಚಿಗೆ ಕೂತು ಚೀಲಗಳನ್ನು ಸುತ್ತ ಇಟ್ಟುಕೊಂಡರು. ನೀರನ್ನು ನೋಡುತ್ತಿದ್ದರು. ಅವರ ಬಲಗೈ ಮಡಿಲಲ್ಲಿ ಮೆಲ್ಲಗೆ ಆಡುತ್ತಿತ್ತು, ನೀರನ್ನು ಸರಿಸುವವರ ಹಾಗೆ. ಅವರಿಗೆ ಅದು ಗೊತ್ತಿರಲಿಲ್ಲ ಎಂದು ಕಾಣುತ್ತದೆ. ನನಗೆ ನೋಡಲಾಗಲಿಲ್ಲ.

ನಾವು ಸೊಂಟದುದ್ದದ ಕಡೆ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದೆವು. ಚಿಕ್ಕತ್ತೆ ಕೈಬಿಟ್ಟು ನೋಡಿ, ಮುಳುಗಿ, ಮೂಗಿನಲ್ಲಿ ನೀರು ತುಂಬಿಕೊಂಡು ಎದ್ದಳು. ‘ಥೂ! ಇಷ್ಟ್ ಜನದಲ್ಲಿ ಈಜು ಬರೋಳು ಒಬ್ಳಾರ ಅವ್ಳಾ? ಎಲ್ಲಾ ಬೋರ್‌ವೆಲ್ ನೀರ್ ಕುಡ್ದ್ ಬೆಳ್ದೋರೇಯ!’

‘ಯಾರ್ ಯೋಳಿದ್ದು ನಿಂಗೆ?’

ಅತ್ತೆಯ ದನಿ. ಎಲ್ಲರೂ ಆ ಕಡೆ ತಿರುಗಿದೆವು.

‘ಏನಕ್ಕ?’

‘ಈಜು ಬರೋಳು ಒಬ್ಳೂ ಇಲ್ಲ ಅಂತ ಯಾರ್ ಯೋಳಿದ್ದು? ಚುಂಚನಕಟ್ಟೆ ನಾಲೆಲಿ ಈ ದಡದಿಂದ ಆ ದಡಕ್ಕೆ ಮುಳುಗ್ಕಂಡೇ ಓಯ್ತಿದ್ದೋಳು ಕಣೇ ನಾನು.’ ಅತ್ತೆಯ ಮುಖ ಕೆಂಪೇರಿತ್ತು. ಈಜು ಬರುತ್ತದೆಂಬುದನ್ನು ಅಷ್ಟು ವರ್ಷ ಗುಟ್ಟಾಗಿಟ್ಟ ಅವರಿಗೆ, ಬರುವುದಿಲ್ಲ ಅನ್ನಿಸಿಕೊಳ್ಳುವುದನ್ನು ಮಾತ್ರ ತಡೆಯಲಾಗಲಿಲ್ಲ.

‘ಮತ್ಯಾಕೆ ಬೆಳಿಗ್ಗೆಯಿಂದ ಗೂಟ ಬಡ್ದಂಗೆ ಕುಂತಿದೀಯ?’

‘ನೀವೆಲ್ಲ ಇದೀರಲ್ಲ’ ಎಂದರು ಅತ್ತೆ. ಆಮೇಲೆ ಸಣ್ಣ ದನಿಯಲ್ಲಿ, ‘ನೀವ್ ನೋಡ್ತೀರಲ್ಲ.’

ನ್ಯಾಯವಾಗಿ ಆಗ ಯಾರಾದರೂ ‘ಅಯ್ಯೋ ನಾವೇನು ಅನ್ಯರಾ’ ಎಂದು ಸಮಾಧಾನದ ಮಾತು ಆಡಬೇಕಿತ್ತು. ಅದರ ಬದಲು ಚಿಕ್ಕತ್ತೆ ಏಣಿ ಹಿಡಿದು ನೀರಿನಿಂದ ಮೇಲೆ ಬಂದಳು.

‘ಏಳ್ರೇ ಮ್ಯಾಕೆ ಎಲ್ರೂ. ಅಕ್ಕ, ನಿನ್ ಸೀರೆ ಬಿಚ್ಕೊಡು ಇತ್ತಾಗೆ.’

ನಮ್ಮ ಕಡೆ ಹೆಂಗಸರು ಗುಂಪಾಗಿ ಎಲ್ಲಿಗಾದರೂ ಹೋದಾಗ, ಬಯಲಿನಲ್ಲೋ ಹೊಳೆದಂಡೆಯಲ್ಲೋ ಒಬ್ಬಳು ಸ್ನಾನ ಮಾಡಬೇಕಾದರೆ, ಮಿಕ್ಕವರು ಸೀರೆ ಹಿಡಿದು ಬೆನ್ನು ತಿರುಗಿಸಿ ಸುತ್ತ ನಿಲ್ಲುತ್ತಾರೆ. ಅದಕ್ಕೆ ಮರೆ ಹಿಡಿಯುವುದು ಎನ್ನುತ್ತೇವೆ. ಹಿಡಿದವಳು ತಿರುಗಿ ನೋಡುವುದಿಲ್ಲ. ನೋಡಬಾರದೆಂದು ಯಾರೂ ಯಾರಿಗೂ ಹೇಳಿಕೊಟ್ಟಿರುವುದಿಲ್ಲ. ಆದರೆ ಇಲ್ಲಿ ಮರೆ ಯಾರಿಂದ? ಕೊಳದ ಹತ್ತಿರ ನಮ್ಮನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ನಮ್ಮಿಂದ ಮರೆ ಮಾಡಲು ನಾವೇ ನಿಲ್ಲಬೇಕಿತ್ತು.

ಅತ್ತೆ ಕುರ್ಚಿಯಿಂದ ಎದ್ದು ಸೆರಗಿನ ಪಿನ್ನು ತೆಗೆದರು. ಸೀರೆಯ ಒಂದು ತುದಿ ಚಿಕ್ಕತ್ತೆಗೆ, ಇನ್ನೊಂದು ತುದಿ ನನಗೆ. ನಡುವೆ ಮಿಕ್ಕವರು, ಸೀರೆ ಸಾಲದ ಕಡೆ ಟವೆಲ್ಲುಗಳು. ಸಾಲಾಗಿ ಹುಲ್ಲುಹಾಸಿನ ಕಡೆ ಮುಖ ಮಾಡಿ ನಿಂತೆವು. ಕಾವಲಿನ ಹೆಂಗಸು ಸೀಟಿ ಊದಿಕೊಂಡು ಓಡಿಬಂದಳು.

‘ಸೀರೆ ಅಲೋ ಇಲ್ಲ ಮೇಡಂ ಇಲ್ಲಿ.’

‘ನೀರೊಳಗೆ ತಾನೆ? ನಾವ್ ದಡದಲ್ಲಿದೀವಿ ಕಣವ್ವ’ ಎಂದಳು ಚಿಕ್ಕತ್ತೆ. ‘ನೀನೂ ವಸಿ ಅತ್ತಾಗೆ ತಿರಿಕ್ಕೊ.’

‘ನಾನು ತಿರುಗೋ ಹಂಗಿಲ್ಲ. ನೀರಲ್ಲಿ ಯಾರಾದ್ರೂ ಇದ್ರೆ ನೋಡ್ತಾ ಇರ್ಲೇಬೇಕು, ನನ್ ಕೆಲ್ಸನೇ ಅದು.’

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಬೆನ್ನ ಹಿಂದಿನಿಂದ ಅತ್ತೆಯ ದನಿ ಬಂತು. ‘ನೀನ್ ನೋಡು ಬುಡವ್ವ. ನೀನ್ಯಾರೋ ನಾನ್ಯಾರೋ.’

ರವಿಕೆ, ಲಂಗ ಕಳಚಿ ಕುರ್ಚಿಯ ಮೇಲೆ ಹಾಕಿದ ಸದ್ದಾಯಿತು. ಏಣಿಯ ಕಬ್ಬಿಣ ಕಿರುಗುಟ್ಟಿತು. ಒಂದೊಂದು ಮೆಟ್ಟಿಲಿಗೂ ಅತ್ತೆ ‘ಶಿವನೇ’ ಎನ್ನುತ್ತಿದ್ದರು. ನೀರು ಮೆಲ್ಲಗೆ ಸದ್ದು ಮಾಡಿತು, ಆಮೇಲೆ ಸದ್ದೇ ಇಲ್ಲ. ಐವತ್ತು ವರ್ಷ ಬಿಟ್ಟ ಈಜು, ಸವೆದ ಮಂಡಿ, ಆಳುದ್ದದ ನೀರು. ಇದಕ್ಕೆಲ್ಲ ಹೂಂ ಎಂದ ನನಗೆ ಬುದ್ಧಿ ಬೇಡವೇ? ಸೀರೆಯ ತುದಿಯಾಚೆ ನಿಂತಿದ್ದ ಕಾವಲಿನ ಹೆಂಗಸಿನ ಮುಖ ನೋಡಿದೆ. ಅವಳೊಬ್ಬಳೇ ನೀರಿನ ಕಡೆ ತಿರುಗಿದ್ದಳು. ಅವಳ ಕಣ್ಣು ಎಡದಿಂದ ಬಲಕ್ಕೆ ನಿಧಾನವಾಗಿ ಸರಿದು, ಒಂದು ಕಡೆ ನಿಂತು, ಮತ್ತೆ ಬಲದಿಂದ ಎಡಕ್ಕೆ ಸರಿಯಿತು. ಅವಳು ಬಾಯಲ್ಲಿದ್ದ ಸೀಟಿಯನ್ನು ಕೆಳಗೆ ಬಿಟ್ಟಳು. ಆಗ ನನಗೆ ಉಸಿರು ಬಂತು.

ಈಗ ಸದ್ದು ಕೇಳತೊಡಗಿತು. ಕೈ ಬೀಸಿ ನೀರು ಸರಿಸುವ ಸದ್ದು, ಒಂದೇ ಸಮ, ಆತುರವಿಲ್ಲದೆ. ಇಡೀ ದಿನ ಬಾಯಿ ಮುಚ್ಚದ ಗುಂಪು ಹುಲ್ಲು ನೋಡುತ್ತ ನಿಂತಿತ್ತು. ಪಕ್ಕದಲ್ಲಿದ್ದವಳು ಸೆರಗಿಲ್ಲದ್ದಕ್ಕೆ ನೈಲಾನಿನ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು. ನನಗೆ ಅವರೆಲ್ಲರ ಮೇಲೂ ಆ ಹೊತ್ತಿನಲ್ಲಿ ಬಂದ ಪ್ರೀತಿಗೆ ಮಾತಿಲ್ಲ.

‘ಏ, ಇತ್ತಾಗ್ ನೋಡ್ರೇ!’

ಅತ್ತೆ ಕೂಗಿದ್ದು. ನಾವು ತಿರುಗಲಿಲ್ಲ.

‘ನೋಡ್ಬಾರ್ದು ಅಂದ್ಯಲ್ಲಕ್ಕ!’ ಎಂದಳು ಚಿಕ್ಕತ್ತೆ, ಹುಲ್ಲಿಗೇ ಮುಖ ಮಾಡಿ.

‘ಅಂದಿದ್ದೆ ಕಣೇ.’ ನೀರಿನಲ್ಲಿ ಉಸಿರು ತೆಗೆದುಕೊಳ್ಳುವ ಸದ್ದು. ‘ಈಗ ನೋಡಿ ಅಂತಿದೀನಿ. ಇಷ್ಟ್ ಚೆಂದಾಗಿ ಬತ್ತಾ ಅದೆ, ಯಾರೂ ನೋಡ್ದೆ ಓದ್ರೆ ಎಂಗ್ರೇ?’

ಆ ದನಿಯನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಗತ್ತಿಲ್ಲ, ಯಜಮಾನಿಕೆಯಿಲ್ಲ. ‘ಅವ್ವಾ ನೋಡು’ ಎಂದು ಮಕ್ಕಳು ಕರೆಯುವ ದನಿ. ಸೀರೆ ಎಲ್ಲರ ಕೈಯಿಂದಲೂ ಒಟ್ಟಿಗೆ ಜಾರಿತು.

ಅತ್ತೆ ಅಂಗಾತ ತೇಲುತ್ತಿದ್ದರು. ತುರುಬು ಬಿಚ್ಚಿ ಬಿಳಿಗೂದಲು ಭುಜದ ಎರಡೂ ಕಡೆ ಹರಡಿಕೊಂಡಿತ್ತು. ಅಂಗಳ ದಾಟಲು ಗೋಡೆ ಹಿಡಿಯುವ ಆ ಕಾಲುಗಳು ನೀರಿನಲ್ಲಿ ಯಾವ ನೋವೂ ಇಲ್ಲದೆ ಆಡುತ್ತಿದ್ದವು. ಇದನ್ನು ಇಷ್ಟು ವರ್ಷ ನಾವ್ಯಾರೂ ನೋಡಲಿಲ್ಲವಲ್ಲ. ನಾವೆಲ್ಲ ತಿರುಗಿದೆವೆಂದು ಖಾತ್ರಿ ಮಾಡಿಕೊಂಡು ಅವರು ಮಗುಚಿದರು, ತಲೆ ಮುಳುಗಿಸಿದರು, ನೀರಿನ ಒಳಗೊಳಗೇ ಆಚೆ ದಡಕ್ಕೆ ಹೊರಟರು. ಅಲ್ಲಿ ತಲೆ ಎತ್ತಿದವರು ಉಸಿರನ್ನೂ ಪೂರ್ತಿ ಎಳೆದುಕೊಳ್ಳದೆ ಹಿಂದಕ್ಕೆ ತಿರುಗಿ, ನಾವು ನೋಡುತ್ತಿದ್ದೇವಾ ಎಂದು ನೋಡಿದರು.